ಸೋಪಿಗೆ ಸಣ್ಣ ಜ್ವರದಷ್ಟು ಬಿಸಿ

ಸೋಪು ಮಾಡುವುದನ್ನು ಕಲಿಯಲು ಬರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಪರಿಮಳದ ವಿಷಯ. ಮಲ್ಲಿಗೆ ಹಾಕಬಹುದಾ, ಶ್ರೀಗಂಧ ಹಾಕಬಹುದಾ, ಏಲಕ್ಕಿ ಹಾಕಿದರೆ ಹೇಗೆ. ಅದಾದ ಮೇಲೆ ಬಣ್ಣ. ಅದೂ ಮುಗಿದರೆ, ಸೋಪಿನ ಮೇಲೆ ತಮ್ಮ ಹೆಸರು ಮೂಡಿಸಲು ಆಗುತ್ತದಾ ಅಂತ. ಈಗ ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೇನೆ, ಯಾರ ಹಂಗೂ ಇಲ್ಲ. ಅದಕ್ಕೆ ಹೇಳಿಬಿಡುತ್ತೇನೆ, ಇವೆಲ್ಲ ದಂಡದ ಪ್ರಶ್ನೆಗಳು. ಕೇಳಬೇಕಾದದ್ದು ಒಂದೇ. ಎಷ್ಟು ಬಿಸಿ?

ಎಣ್ಣೆ ಎಷ್ಟು ಬಿಸಿ ಇರಬೇಕು, ಸೋಡಾ ಕರಗಿಸಿದ ನೀರು ಎಷ್ಟು ಬಿಸಿ ಇರಬೇಕು, ಅಚ್ಚಿಗೆ ಸುರಿದ ಮೇಲೆ ಎಷ್ಟು ಬೆಚ್ಚಗೆ ಮಲಗಿಸಬೇಕು. ಇದಿಷ್ಟು ಕೈಗೆ ಬಂದರೆ ಮಲ್ಲಿಗೆಯನ್ನಾದರೂ ಹಾಕಿ, ಮೆಣಸನ್ನಾದರೂ ಹಾಕಿ, ಸೋಪು ನಿಮ್ಮ ಮಾತು ಕೇಳುತ್ತದೆ. ಈ ವಿಧಾನಕ್ಕೆ ಕೋಲ್ಡ್ ಪ್ರೋಸೆಸ್ ಅಂತ ಹೆಸರು, ತಣ್ಣನೆ ವಿಧಾನ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಅನ್ನುತ್ತಾರಲ್ಲ, ಹಾಗೆ ಇದರಲ್ಲಿ ತಣ್ಣಗಿರುವುದು ಹೆಸರೊಂದೇ. ಒಲೆಯ ಮೇಲಿಟ್ಟು ಕುದಿಸುವುದಿಲ್ಲ ಅಷ್ಟೇ. ಮಿಕ್ಕಂತೆ ಮೊದಲಿನಿಂದ ಕೊನೆಯವರೆಗೆ ಬಿಸಿಯದೇ ಆಟ.

ನನ್ನ ತವರು ಆಲೂರಿನ ಕಡೆ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ಆನೇಮಹಲ್ಲಿಗೆ. ನಮ್ಮೆಜಮಾನರದು ಹೈವೇ ಪಕ್ಕದಲ್ಲಿ ದಿನಸಿ ಅಂಗಡಿ. ಒಂದು ದಿನ ದೋಣಿಗಲ್ ಕಡೆಯ ಎಸ್ಟೇಟಿನಿಂದ ಜೆಸಿಂತಾ ಬಾಯಮ್ಮ ಕೊಬ್ಬರಿ ಎಣ್ಣೆ ಟಿನ್ನು ತೆಗೆದುಕೊಳ್ಳಲು ಬಂದವರು, ಸೋಪಿನ ಕೆಲಸಕ್ಕೆ ಕೈ ಗಟ್ಟಿ ಇರುವ ಹೆಂಗಸು ಯಾರಾದರೂ ಇದ್ದಾರಾ ಅಂತ ಕೇಳಿದರಂತೆ. ನಮ್ಮೆಜಮಾನರು ಒಂದು ಕ್ಷಣವೂ ಯೋಚಿಸದೆ, "ನಮ್ಮ ಮನೇಲೇ ಒಬ್ಬಳು ಅವಳೆ ಕಣ್ರಮ್ಮ. ಕೈಯೂ ಗಟ್ಟಿ, ಬಾಯೂ ಗಟ್ಟಿ" ಅಂದರಂತೆ. ಆ ಮಾತಿಗೆ ರಾತ್ರಿ ಸರಿಯಾಗಿ ಬೈಸಿಕೊಂಡರು. ಆದರೆ ಬೆಳಿಗ್ಗೆ ನಾನು ಬಸ್ಸು ಹತ್ತಿದೆ, ನೋಡಿಯೇ ಬರೋಣ ಅಂತ.

ಬಾಯಮ್ಮನ ಹಿರಿಯರು ಮಂಗಳೂರಿನವರು. ಮದುವೆಯಾಗಿ ಘಟ್ಟ ಹತ್ತಿ ಬಂದು ಎಷ್ಟೋ ಕಾಲವಾಗಿದ್ದರೂ ಮಾತಿನಲ್ಲಿ ಕರಾವಳಿ ಹೋಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಸುಮ್ಮನೆ ಕೂರಲಾರದೆ, ಮಂಗಳೂರಿನಲ್ಲಿ ತಂಗಿಯ ಮನೆಗೆ ಹೋಗಿ ಸೋಪು ಮಾಡುವುದನ್ನು ಕಲಿತು ಬಂದಿದ್ದರು. ಎಸ್ಟೇಟು ನೋಡಿಕೊಳ್ಳುತ್ತಿದ್ದದ್ದು ಅವರ ಭಾವ ಲಾರೆನ್ಸ್ ಸಾರ್. ಮೆಣಸು ತುಂಬಿಡುತ್ತಿದ್ದ ಹಳೇ ಸ್ಟೋರನ್ನು ಸೋಪಿಗೆ ಬಿಟ್ಟುಕೊಟ್ಟವರೂ ಅವರೇ. ಆದರೆ ಕೊಡುವಾಗಲೇ ಎಲ್ಲರ ಎದುರಿಗೆ ಹೇಳಿದ್ದರು.

"ಈ ಸಲದ ಮೆಣಸಿನ ಕೊಯ್ಲಿನ ತನಕ ಟೈಮ್ ಕೊಡ್ತೇನೆ, ಜೆಸಿಂತಾ. ಅಷ್ಟರೊಳಗೆ ಮಾರುವಂಥ ಸೋಪು ತೋರಿಸು. ಆಗ್ಲಿಲ್ಲ ಅಂದ್ರೆ ಸ್ಟೋರ್ ನಂಗೆ ವಾಪಸ್ ಬೇಕು."

ಅದರಲ್ಲಿ ತಪ್ಪೇನೂ ಇರಲಿಲ್ಲ. ಮೆಣಸು ಇಡಲು ಅವರಿಗೂ ಜಾಗ ಬೇಕಲ್ಲ. ನನಗೂ ಅದರಿಂದ ನಷ್ಟವಿರಲಿಲ್ಲ, ಅಂಗಡಿಗೆ ಹೋಗಿ ಗಲ್ಲಾ ಮುಂದೆ ಕೂತರಾಯಿತು. ಬಾಯಮ್ಮನಿಗೂ ಬಂಗಲೆ ಇತ್ತು. ಎಲ್ಲ ಹೋಗುವುದು ಭಾಗ್ಯಳದು.

ಭಾಗ್ಯ ಎಸ್ಟೇಟಿನ ಲೈನಿನಲ್ಲಿದ್ದವಳು. ಹಿಂದಿನ ವರ್ಷ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ, ಏಣಿ ಹತ್ತುವುದಿರಲಿ, ಇಳಿಜಾರಿನಲ್ಲಿ ನಡೆದು ಕಾಫಿ ಕುಯ್ಯುವುದೂ ಆಗುತ್ತಿರಲಿಲ್ಲ. ಲೈನಿನ ಮನೆ ಇರುವುದು ಎಸ್ಟೇಟಿನಲ್ಲಿ ದುಡಿಯುವವರಿಗೆ. ದುಡಿಮೆ ನಿಂತರೆ ಮನೆ ಬಿಡಬೇಕು. ಗಂಡ ಇರಲಿಲ್ಲ, ಜೊತೆಗೆ ಕಣ್ಣು ಮಂಜಾದ ಅತ್ತೆ. ಬಾಯಮ್ಮ ಅವಳನ್ನು ಸ್ಟೂಲಿನ ಮೇಲೆ ಕೂತು ಸೋಪು ತಿರುಗಿಸುವ ಕೆಲಸಕ್ಕೆ ಹಾಕಿಕೊಂಡದ್ದರಿಂದ ಮನೆ ಉಳಿದಿತ್ತು. ಸೋಪು ನಿಂತರೆ ಭಾಗ್ಯಳ ಮನೆ ಹೋಯಿತು ಅಂತಲೇ ಲೆಕ್ಕ. ಇದು ನಮ್ಮ ಮೂವರಿಗೂ ಗೊತ್ತಿತ್ತು, ಮೂವರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಬೆಂಕಿಯಿಲ್ಲದೆ ನೀರು ಕಾದದ್ದನ್ನು ನಾನು ಮೊದಲು ನೋಡಿದ್ದು ಆ ಸ್ಟೋರಿನಲ್ಲಿ. ಬಾಯಮ್ಮ ಕಣ್ಣಿಗೆ ದೊಡ್ಡ ಕನ್ನಡಕ, ಕೈಗೆ ಗವಸು ಹಾಕಿಕೊಂಡು, ಸ್ಟೀಲ್ ಪಾತ್ರೆಯ ತಣ್ಣೀರಿಗೆ ಬಿಳಿ ಚೂರು ಚೂರಾದ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಿದ್ದರು. ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಯಿತು. ಆಮೇಲೆ ಹಬೆ ಬಂತು. ಪಾತ್ರೆಯ ಹೊರಗಡೆಗೆ ಕೈ ತಾಗಿಸಿದವಳು ಚುರ್ ಅಂದು ಹಿಂದಕ್ಕೆಳೆದುಕೊಂಡೆ.

"ಒಲೆ ಹಚ್ಚಿಲ್ಲ, ಏನಿಲ್ಲ, ಹೆಂಗೆ ಕಾಯ್ತು ಬಾಯಮ್ಮ ಇದು?" ಅಂದೆ.

"ಅದೇ ಮಾರಾಯ್ತಿ, ಅದರ ಒಳಗೇ ಬೆಂಕಿ ಉಂಟು" ಅಂದರು.

ನನಗೆ ಆ ದಿನವೇ ಈ ಕೆಲಸದ ಹುಚ್ಚು ಹಿಡಿಯಿತು. ಸುಳ್ಳು ಯಾಕೆ ಹೇಳಲಿ, ಅಡುಗೆಮನೆಯಲ್ಲಿ ಅಷ್ಟು ವರ್ಷ ಕಳೆದವಳಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಒಂದು ಮಾತು ಮಾತ್ರ ಹುಡುಗಿಯರು ಸೆರಗಿಗೆ ಗಂಟು ಹಾಕಿಕೊಳ್ಳಬೇಕು: ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹೊಯ್ಯಬಾರದು. ಹೊಯ್ದರೆ ಮುಖಕ್ಕೇ ಸಿಡಿಯುತ್ತದೆ. ಇನ್ನೊಂದು ನಾವು ಪೆಟ್ಟು ತಿಂದು ಕಲಿತದ್ದು. ಮೊದಲ ವಾರವೇ ಪಾತ್ರೆ ಸಾಲದೆ ಎಸ್ಟೇಟಿನ ಅಡುಗೆಯವನಿಂದ ಅಲ್ಯೂಮಿನಿಯಂ ದಬರಿ ಇಸ್ಕೊಂಡು ಅದರಲ್ಲಿ ಸೋಡಾ ಕರಗಿಸಿದೆವು. ನೀರು ನೊರೆನೊರೆಯಾಗಿ ಕರ್ರಗೆ ತಿರುಗಿ, ಬುಸುಗುಟ್ಟಿ, ಮೂಗು ಬಿಡಲಾಗದ ಘಾಟು. ಮೂವರೂ ಅಂಗಳಕ್ಕೆ ಓಡಿದೆವು. ದಬರಿಯ ತಳ ಜರಡಿಯಾಗಿತ್ತು. ಅಡುಗೆಯವನು ನನ್ನನ್ನು ಕಂಡಾಗಲೆಲ್ಲ ಅವನ ದಬರಿಯನ್ನು ಕೇಳುತ್ತಿದ್ದ.

ನಾವು ಶುರು ಮಾಡಿದ್ದು ದಸರಾ ಕಳೆದ ಮೇಲೆ. ಆಗ ಸಕಲೇಶಪುರದಲ್ಲಿ ಮಧ್ಯಾಹ್ನ ಒಳ್ಳೇ ಬಿಸಿಲು, ಕೊಬ್ಬರಿ ಎಣ್ಣೆ ನೀರಿನ ಹಾಗೆ ತಿಳಿಯಾಗಿತ್ತು. ಕೊಬ್ಬರಿ ಎಣ್ಣೆ, ಸ್ವಲ್ಪ ಹರಳೆಣ್ಣೆ, ಮುರುಗಲ ಬೀಜದ ತುಪ್ಪ, ಡಿಕಾಕ್ಷನ್ ಸೋಸಿ ಉಳಿದ ಕಾಫಿ ಗಸಿ. ಸೋಡಾ ನೀರು ಬೆರೆಸಿ ತಿರುಗಿಸುತ್ತಾ ಹೋದರೆ ಎಣ್ಣೆ ನಿಧಾನಕ್ಕೆ ಮಂದವಾಗಿ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಸೌಟಿನಿಂದ ಮೇಲೆ ಬಿಟ್ಟರೆ ಗೆರೆ ನಿಲ್ಲಬೇಕು. ಆಗ ಅಚ್ಚಿಗೆ ಸುರಿದು, ಮಾರನೇ ದಿನ ಕತ್ತರಿಸಿ, ತಿಂಗಳ ಮೇಲೆ ನೆರಳಲ್ಲಿ ಒಣಗಿಸುವುದು. ಮೊದಲ ಸೋಪುಗಳು ಪರವಾಗಿಲ್ಲ ಅನ್ನುವ ಹಾಗೆ ಬಂದವು. ನಾವು ಮೂವರೂ ಬೀಗಿದೆವು.

ಚಳಿ ಬಂತು ನೋಡಿ, ನಮ್ಮ ಬೀಗುವಿಕೆ ಇಳಿಯಿತು. ಕೊಬ್ಬರಿ ಎಣ್ಣೆ ಟಿನ್ನಿನಲ್ಲಿ ಕಲ್ಲಾಯಿತು. ಬೆಳಗಿನ ಎಳೆಬಿಸಿಲಿಗಿಟ್ಟು, ಅರ್ಧ ಕರಗಿ ಅರ್ಧ ಹಾಗೇ ಇದ್ದದ್ದನ್ನು ಪಾತ್ರೆಗೆ ಸುರಿದೆವು. ಸೋಡಾ ನೀರು ಆರಲಿ ಅಂತ ಹೊತ್ತಾರೆಯೇ ಕಲಸಿಟ್ಟಿದ್ದೆವು, ಅದೂ ತಣ್ಣಗೆ ಕೊರೆಯುತ್ತಿತ್ತು. ಎರಡನ್ನೂ ಬೆರೆಸಿ ಭಾಗ್ಯ ತಿರುಗಿಸಿದಳು. ಕೈಯಾಡಿಸಿ ಇನ್ನೂ ಕೈ ನೋಯುವ ಮೊದಲೇ ಸೋಪು ಗಟ್ಟಿಯಾಗಿ ಗೆರೆ ನಿಂತುಬಿಟ್ಟಿತು.

"ಅಕ್ಕ, ಬಂದ್ಬುಡ್ತು ಕಣಕ್ಕ ಹದ. ಇಷ್ಟು ಬೇಗ ಯಾವತ್ತೂ ಬಂದಿರ್ಲಿಲ್ಲ" ಅಂದಳು ಭಾಗ್ಯ. ಅವಳ ಮುಖದಲ್ಲಿ ಅಷ್ಟು ಗೆಲುವು ಕಂಡು ನನಗೂ ಖುಷಿಯಾಯಿತು. ಕೈ ಪಳಗಿತು ಅಂದುಕೊಂಡೆವು.

ಮಾರನೇ ದಿನ ಅಚ್ಚು ಬಿಚ್ಚಿದರೆ ಮೇಲೆ ಎಣ್ಣೆ ತೇಲುತ್ತಿತ್ತು. ಕತ್ತರಿಸಿದರೆ ಒಳಗೆ ಅಲ್ಲಲ್ಲಿ ಸುಣ್ಣದಂಥ ಬಿಳಿ ಗಂಟು, ಗಂಟಿನಿಂದ ಹನಿ ಹನಿ ನೀರು. ಬಾಯಮ್ಮ ಒಂದು ತುಂಡಿಗೆ ಬೆರಳು ತಾಗಿಸಿ ನಾಲಗೆ ತುದಿಗೆ ಮುಟ್ಟಿಸಿದರು, ಸೋಡಾ ಉಳಿದಿದೆಯಾ ನೋಡಲು. ಕರೆಂಟು ಹೊಡೆದವರ ಹಾಗೆ ತಲೆ ಕೊಡವಿ ನಲ್ಲಿಗೆ ಓಡಿದರು. ಆ ಗಂಟುಗಳೆಲ್ಲ ಬರೀ ಸೋಡಾ. ಅದರಲ್ಲಿ ಯಾರಾದರೂ ಮೈ ತೊಳೆದಿದ್ದರೆ ಚರ್ಮ ಸುಟ್ಟುಹೋಗುತ್ತಿತ್ತು.

ಆಗಿದ್ದೇನೆಂದರೆ, ಗಟ್ಟಿಯಾದದ್ದು ಸೋಪಲ್ಲ, ಎಣ್ಣೆ. ತಣ್ಣನೆ ಸೋಡಾ ನೀರು ಬಿದ್ದ ಕೂಡಲೇ ಮುರುಗಲ ತುಪ್ಪ, ಕೊಬ್ಬರಿ ಎಣ್ಣೆ ಮತ್ತೆ ಹೆಪ್ಪುಗಟ್ಟಿ, ನೋಡುವವರಿಗೆ ಹದ ಬಂದ ಹಾಗೆ ಕಂಡಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಗಟ್ಟಿಯಾದದ್ದೆಲ್ಲ ಸೋಪಲ್ಲ. ನಾವು ಇದಕ್ಕೆ ಹುಸಿಹದ ಅಂತ ಹೆಸರಿಟ್ಟೆವು. ಆದರೆ ಇದೆಲ್ಲ ಆಮೇಲೆ ತಿಳಿದದ್ದು. ಆ ದಿನ ನಾವು ಎಣ್ಣೆ ಸರಿಯಿಲ್ಲ ಅಂದೆವು, ಸೋಡಾ ಹಳೆಯದು ಅಂದೆವು, ನಮ್ಮೆಜಮಾನರ ಅಂಗಡಿಯನ್ನೂ ಬೈದೆವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಾಯಮ್ಮ ಮಂಗಳೂರಿನ ತಂಗಿಗೆ ಫೋನ್ ಮಾಡಿದರೆ, "ನಮಗೆ ಹಾಗೆ ಆಗಿಯೇ ಇಲ್ಲ" ಅಂದಳು ಆಕೆ. ಹೇಗಾದೀತು? ಅಲ್ಲಿ ವರ್ಷವಿಡೀ ಎಣ್ಣೆ ತಿಳಿಯಾಗೇ ಇರುತ್ತದೆ. ಎಣ್ಣೆ ಬಿಸಿ ಮಾಡುವ ಮಾತೇ ಅವಳ ಪಾಠದಲ್ಲಿರಲಿಲ್ಲ. ಘಟ್ಟದ ಕೆಳಗಿನ ಪಾಠ ಘಟ್ಟದ ಮೇಲಿನ ಚಳಿಗೆ ಸಾಲಲಿಲ್ಲ.

ಹಾಗಾದರೆ ಬಿಸಿ ಮಾಡಬೇಕು ಅನ್ನುವಲ್ಲಿಗೆ ಬಂದೆವು. ಎಷ್ಟು? ಬಾಯಮ್ಮ ಫೋನಿನಲ್ಲಿ ಯಾರೋ ವಿದೇಶದ ಹೆಂಗಸಿನ ವಿಡಿಯೋ ಹುಡುಕಿದರು. ಆಕೆ ಸಲೀಸಾಗಿ ಹೇಳಿದಳು, ಎಣ್ಣೆಯೂ ನೂರು ಡಿಗ್ರಿ, ಸೋಡಾ ನೀರೂ ನೂರು ಡಿಗ್ರಿ ಇರಲಿ ಅಂತ. ಬಾಯಮ್ಮನ ಹತ್ತಿರ ಜಾಮ್ ಮಾಡುವಾಗ ಬಳಸುವ ಉದ್ದದ ಥರ್ಮಾಮೀಟರ್ ಇತ್ತು. ಅದನ್ನು ಎಣ್ಣೆಗೆ ಅದ್ದಿ, ಗೀಟು ನೂರಕ್ಕೆ ಬರುವವರೆಗೆ ಕಾಯಿಸಿದೆವು. ಸೋಡಾ ನೀರನ್ನು ಆಗಷ್ಟೇ ಕರಗಿಸಿ, ಹಬೆಯಾಡುತ್ತಿದ್ದ ಹಾಗೇ ತಂದೆವು. ನನಗೆ ಒಳಗೊಳಗೇ ಅಳುಕು. ಆದರೆ ವಿಡಿಯೋದ ಹೆಂಗಸು ಎಷ್ಟು ನೆಮ್ಮದಿಯಾಗಿ ಹೇಳಿದ್ದಳು.

ಬೆರೆಸಿದ್ದೇ ತಡ, ಪಾತ್ರೆಯೊಳಗಿಂದ ಗುಳುಗುಳು ಸದ್ದು. ಸೋಪು ಒಂದು ಸಲ ಗಟ್ಟಿಯಾದ ಹಾಗೆ ಕಂಡು, ಮರುಕ್ಷಣ ಹಾಲುಕ್ಕಿದ ಹಾಗೆ ಉಕ್ಕಿ ಅಂಚು ದಾಟಿತು. ಭಾಗ್ಯ ಸ್ಟೂಲಿನ ಮೇಲಿದ್ದಳು, ಸೊಂಟದ ನೋವಿನವಳು ತಟ್ಟನೆ ಏಳಲಾರಳು. ನಾನು ಅವಳನ್ನು ಸ್ಟೂಲಿನ ಸಮೇತ ಹಿಂದಕ್ಕೆಳೆದೆ. ಉಕ್ಕಿದ್ದು ಅವಳು ಕೂತಿದ್ದ ಜಾಗದಲ್ಲೇ ಹರಿದು ಸಿಮೆಂಟಿನ ಮೇಲೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಬಾಯಮ್ಮ ಕೈಗವಸು ಕಳಚಿ ಮೂಲೆಗೆ ಎಸೆದರು.

"ಸಾಕು ಗೌರಮ್ಮ. ಭಾವ ಮೆಣಸೇ ತುಂಬಿಸಲಿ. ಸೋಪಿಗಾಗಿ ಇವಳ ಕಾಲು ಸುಡುವುದು ಬೇಡ" ಅಂದರು.

ಭಾಗ್ಯ ತಲೆ ಎತ್ತಲಿಲ್ಲ. "ಕಾಲು ಸುಟ್ರೂ ಸುಡ್ಲಿ, ನಿಲ್ಲಿಸ್ಬೇಡಿ ಬಾಯಮ್ಮ" ಅಂದಳು ಮೆಲ್ಲಗೆ.

ಚಳಿಯಲ್ಲಿ ನೆಲ ತೊಳೆದದ್ದಕ್ಕೋ, ಹೆದರಿಕೆಗೋ, ಬಾಯಮ್ಮನಿಗೆ ಜ್ವರ ಬಂತು. ನಾನು ಬಂಗಲೆಗೆ ಹೋಗಿ ಗಂಜಿ ಮಾಡಿಕೊಟ್ಟು ಕೂತಿದ್ದೆ. ಕಾನ್ವೆಂಟಿನ ದವಾಖಾನೆಯಿಂದ ನರ್ಸ್ ಸಿಸ್ಟರ್ ಬಂದು, ಬಾಯಮ್ಮನ ನಾಲಗೆಯ ಕೆಳಗೆ ಥರ್ಮಾಮೀಟರ್ ಇಟ್ಟು, ತೆಗೆದು ಬೆಳಕಿಗೆ ಹಿಡಿದರು.

"ನೂರು ಉಂಟು. ಹೆದರುವಂಥದ್ದೇನಲ್ಲ, ಸಣ್ಣ ಜ್ವರ" ಅಂದರು.

ನನ್ನ ತಲೆಯೊಳಗೆ ಯಾರೋ ದೀಪ ಹಾಕಿದ ಹಾಗಾಯಿತು. ನೂರು ಡಿಗ್ರಿಗೆ ಎಣ್ಣೆ ಉಕ್ಕಿ ನೆಲದ ಮೇಲೆ ಹರಿಯಿತು. ಅದೇ ನೂರು ಡಿಗ್ರಿಗೆ ಈ ಹೆಂಗಸು ಹಾಸಿಗೆಯಲ್ಲಿ ಮಲಗಿ ಗಂಜಿಗೆ ಉಪ್ಪು ಸಾಲದು ಅನ್ನುತ್ತಿದ್ದಾಳೆ.

"ಸಿಸ್ಟರ್, ನೂರಕ್ಕೆ ನೀರು ಕುದೀತದೆ ಅಲ್ವ?" ಅಂದೆ.

"ಅದು ಬೇರೆ ನೂರು, ಇದು ಬೇರೆ ನೂರು. ನೀರಿಗೆ ಹಿಡಿಯೋದು ಸೆಲ್ಸಿಯಸ್. ಜ್ವರಕ್ಕೆ ನಾವು ಹಿಡಿಯೋದು ಫ್ಯಾರನ್‌ಹೀಟ್. ಈ ನೂರು ಅಂದ್ರೆ ಆ ಲೆಕ್ಕದಲ್ಲಿ ಮೂವತ್ತೆಂಟೋ ಏನೋ" ಅಂದರು.

ನಾನು ಎದ್ದು ನಿಂತೆ. "ಬಾಯಮ್ಮ, ಆಯಮ್ಮ ವಿಡಿಯೋದಲ್ಲಿ ಹೇಳಿದ್ದು ಜ್ವರದ ನೂರು. ನಾವು ಕಾಯಿಸಿದ್ದು ಜಾಮಿನ ನೂರು" ಅಂದೆ.

ಬಾಯಮ್ಮ ನನ್ನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಕೆಮ್ಮು ಬರುವವರೆಗೂ ನಕ್ಕರು. ನಮ್ಮಲ್ಲಿ ಬಿಸಿಲನ್ನು ಒಂದು ಲೆಕ್ಕದಲ್ಲಿ ಹೇಳುತ್ತೇವೆ, ಜ್ವರವನ್ನು ಇನ್ನೊಂದು ಲೆಕ್ಕದಲ್ಲಿ. ಹುಟ್ಟಿದಾಗಿನಿಂದ ಹಾಗೇ ಬೆಳೆದಿದ್ದೇವೆ, ಯಾರಿಗೂ ಗೊಂದಲವಿಲ್ಲ. ಇವೆರಡೂ ಒಂದೇ ಪಾತ್ರೆಗೆ ಬಿದ್ದಾಗಲೇ ಉಕ್ಕುವುದು. ಸಿಸ್ಟರಿಗೆ ನಾವು ಯಾಕೆ ನಗುತ್ತಿದ್ದೇವೆ ಅಂತ ಅರ್ಥವಾಗದೆ, ಮಾತ್ರೆ ಮೇಜಿನ ಮೇಲಿಟ್ಟು ಹೊರಟುಹೋದರು.

ಅಂದಿನಿಂದ ನಮ್ಮ ಸ್ಟೋರಿನ ಲೆಕ್ಕ ಒಂದೇ ಆಯಿತು, ಸಣ್ಣ ಜ್ವರ. ಎಣ್ಣೆಯನ್ನು ಒಂದು ಚೂರೂ ಮಬ್ಬಿಲ್ಲದ ಹಾಗೆ ಪೂರ್ತಿ ಕರಗಿಸಿ, ಸಣ್ಣ ಜ್ವರಕ್ಕಿಂತ ತುಸು ಮೇಲೆ ಇರುವಷ್ಟಕ್ಕೆ ಆರಿಸುವುದು. ಸೋಡಾ ನೀರನ್ನೂ ಅಲ್ಲಿಗೇ ಇಳಿಸುವುದು. ಎರಡೂ ಹತ್ತಿರ ಹತ್ತಿರ ಇದ್ದಾಗ ಬೆರೆಸುವುದು. ಒಂದು ಬಿಸಿ ಒಂದು ತಣ್ಣಗಿದ್ದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುವ ಹಾಗಾಗುತ್ತದೆ. ಮೊದಲ ಸಲ ಹೀಗೆ ಮಾಡಿದಾಗ ಭಾಗ್ಯ ತಿರುಗಿಸುತ್ತಾ ತಿರುಗಿಸುತ್ತಾ ಕೈ ಸೋತಳು, ನಾನು ತಿರುಗಿಸಿದೆ, ಬಾಯಮ್ಮ ತಿರುಗಿಸಿದರು. ಹದ ಬರಲೇ ಇಲ್ಲ ಅಂತ ಮೂವರೂ ಅಂದುಕೊಳ್ಳುತ್ತಿರುವಾಗ ಸೌಟಿನ ಗೆರೆ ಮೆಲ್ಲಗೆ ನಿಂತಿತು. ನಿಜವಾದ ಹದ ಹೊತ್ತು ತೆಗೆದುಕೊಳ್ಳುತ್ತದೆ. ಮಾರನೇ ದಿನ ಕತ್ತರಿಸಿದರೆ ಒಳಗೆಲ್ಲೂ ಬಿಳಿ ಗಂಟಿಲ್ಲ. ನಾನು ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ಸಿನಲ್ಲಿ ಆನೇಮಹಲ್ಲಿಗೆ ಬಂದು ನಮ್ಮೆಜಮಾನರಿಗೆ ತೋರಿಸಿದೆ. ಅವರು ಮೂಸಿ ನೋಡಿ ಕಾಫಿ ಕುಡಿಯೋಣ ಅನ್ನಿಸುತ್ತದೆ ಅಂದರು. ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಅವರಿಂದ ನಾನು ಕೇಳಿಲ್ಲ.

ಈಗಿನ ಹುಡುಗಿಯರ ಹತ್ತಿರ ದೂರದಿಂದ ಹಿಡಿದು ಗುಂಡಿ ಒತ್ತುವ ಥರ್ಮಾಮೀಟರ್ ಇದೆ, ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅಂಥದ್ದು. ನಾನು ಬೇಡ ಅನ್ನುವುದಿಲ್ಲ. ಆದರೆ ಅದು ನೋಡುವುದು ಮೇಲ್ಮೈಯನ್ನು ಮಾತ್ರ. ಮೇಲೆ ಆರಿದ ಎಣ್ಣೆ ತಳದಲ್ಲಿ ಸುಡುತ್ತಿರಬಹುದು. ಹೊಳೆಯುವ ಸ್ಟೀಲ್ ಪಾತ್ರೆಗೆ ಹಿಡಿದರೆ ಬಾಯಿಗೆ ಬಂದದ್ದು ಹೇಳುತ್ತದೆ. ಚೆನ್ನಾಗಿ ಕಲಕಿ, ಆಮೇಲೆ ಎಣ್ಣೆಗೇ ಹಿಡಿದು ನೋಡಿ. ಸೋಡಾ ನೀರಿಗೆ ಮಾತ್ರ ಯಾವತ್ತೂ ಬೆರಳು ಅದ್ದಿ ನೋಡುವ ಧೈರ್ಯ ಮಾಡಬೇಡಿ.

ಒಂದು ಸಲ ಗೆದ್ದವರಿಗೆ ಕೋಡು ಮೂಡುತ್ತದೆ, ನಮಗೂ ಮೂಡಿತು. ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಬಾಯಮ್ಮ ಹಬ್ಬಕ್ಕೆ ಬರುವ ನೆಂಟರಿಗೆಲ್ಲ ಕೊಡಲು ಜೇನಿನ ಸೋಪು ಮಾಡೋಣ ಅಂದರು. ಯಸಳೂರಿನಿಂದ ಒಳ್ಳೇ ಜೇನು ತರಿಸಿದರು. ಸಣ್ಣ ಜ್ವರದ ಬಿಸಿಗೆ ತಂದು, ಬೆರೆಸಿ, ಅಚ್ಚಿಗೆ ಸುರಿದೆವು. ಸುರಿದ ಮೇಲೆ ಸೋಪನ್ನು ಬೆಚ್ಚಗಿಡಬೇಕು ಅಂತ ಅಷ್ಟು ಹೊತ್ತಿಗೆ ಕಲಿತಿದ್ದೆವು. ನಮ್ಮ ಕಡೆ ಚಳಿಗಾಲದಲ್ಲಿ ಹಾಲು ಹೆಪ್ಪಾಗುವುದಿಲ್ಲ ಅಂತ ಮೊಸರಿನ ಪಾತ್ರೆಯನ್ನು ಬಚ್ಚಲಿನ ಹಂಡೆ ಒಲೆಯ ಪಕ್ಕ ಇಡುತ್ತೇವಲ್ಲ. ನಾನೇ ಹೇಳಿದೆ, ಬಂಗಲೆಯ ಬಚ್ಚಲಲ್ಲಿ ಹಾಗೇ ಇಡೋಣ, ಕಂಬಳಿ ಹೊದಿಸೋಣ ಅಂತ. ಮೊಸರಿಗೆ ಆಗುವುದು ಸೋಪಿಗೆ ಯಾಕಾಗಬಾರದು?

ಬಂಗಲೆಗೆ ಹಬ್ಬಕ್ಕೆಂದು ಬಂದಿದ್ದ ಲಾರೆನ್ಸ್ ಸಾರ್ ಸ್ನಾನಕ್ಕೆ ಹೋದವರು ಟವೆಲ್ಲಿನಲ್ಲೇ ಹೊರಗೆ ಬಂದರು.

"ಜೆಸಿಂತಾ, ಬಚ್ಚಲಲ್ಲಿ ಏನೋ ಉಬ್ಬುತ್ತಾ ಉಂಟು. ಪ್ರಾಣಿಯಾ?"

ಓಡಿ ಹೋಗಿ ನೋಡಿದೆವು. ಕಂಬಳಿ ಎದ್ದು ಕೂತಿತ್ತು. ಸರಿಸಿದರೆ ಸೋಪು ನಡುವೆ ಬಾಯಿ ಬಿಟ್ಟು, ಬಿರುಕಿನಿಂದ ಕಂದು ಜೇನು ಸೋರಿ, ಹಂಡೆ ಒಲೆಯ ಕಟ್ಟೆಯವರೆಗೂ ಇಳಿದಿತ್ತು. ಜೇನು, ಬೆಲ್ಲ, ಹಾಲು, ಇವು ಯಾವುದಾದರೂ ಇದ್ದರೆ ಸೋಪು ತಾನಾಗೇ ಇನ್ನಷ್ಟು ಕಾಯುತ್ತದೆ. ಅದನ್ನು ತಣ್ಣಗಿಡಬೇಕು, ಗಾಳಿಗಿಡಬೇಕು. ಹಾಲಿನ ಸೋಪಿಗಂತೂ ಹಾಲನ್ನು ಮಂಜುಗಡ್ಡೆ ಮಾಡಿಕೊಂಡು ಅದರ ಮೇಲೇ ಸೋಡಾ ಉದುರಿಸಬೇಕು, ಇಲ್ಲದಿದ್ದರೆ ಹಾಲು ಸೀದುಹೋಗುತ್ತದೆ. ಅತಿಯಾದರೆ ಅಮೃತವೂ ವಿಷ. ನಾವು ಅದಕ್ಕೆ ಕಂಬಳಿಯನ್ನೂ ಹೊದಿಸಿ, ಒಲೆಯನ್ನೂ ಇಟ್ಟಿದ್ದೆವು.

ಲಾರೆನ್ಸ್ ಸಾರ್ ಆ ಸೋಪನ್ನು ನೋಡುತ್ತಾ ನಿಂತರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಹೊಸ ವರ್ಷ ಕಳೆದ ಕೂಡ್ಲೆ ಮೆಣಸು ಬರ್ತದೆ, ನೆನಪಿರಲಿ" ಅಂದರು, ಬೇರೆ ಕೋಣೆಗೆ ಹೋದರು. ಸ್ಟೋರಿಗೆ ವಾಪಸಾಗಿ ಭಾಗ್ಯಳಿಗೆ ಇದನ್ನು ಹೇಳುವಾಗ ನಾನು ಟವೆಲ್ಲಿನ ವಿಷಯವನ್ನು ದೊಡ್ಡದು ಮಾಡಿ ಹೇಳಿದೆ. ಅವಳು ನಕ್ಕಳು. ಆದರೆ ಮೆಣಸಿನ ಮಾತನ್ನು ಅವಳು ಆಗಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಾಯಿಂದ ಕೇಳಿದ್ದಳು.

ಜನವರಿಯಲ್ಲಿ ಇನ್ನೊಂದು ತೊಂದರೆ ಉಳಿದಿತ್ತು. ಸೋಪು ಅಚ್ಚಿನಲ್ಲಿ ಮಲಗಿದ ಮೇಲೆ ಒಳಗಿನಿಂದ ಕಾಯುತ್ತಾ ಹೋಗಿ, ನಡುವಿನಿಂದ ಅಂಚಿನವರೆಗೆ ಹಲಸಿನ ಹಣ್ಣಿನ ತೊಳೆಯ ಹಾಗೆ ಅರೆಪಾರದರ್ಶಕವಾಗುತ್ತದೆ. ಅಂಚಿನವರೆಗೂ ಹೋದರೆ ಸೋಪು ಒಂದೇ ಬಣ್ಣ, ಒಳ್ಳೇ ಗಟ್ಟಿ. ನಡುದಾರಿಯಲ್ಲಿ ಚಳಿ ಹೊಡೆದರೆ ಅಲ್ಲೇ ನಿಂತು, ಕತ್ತರಿಸಿದಾಗ ನಡುವೆ ಕಪ್ಪು ಉಂಗುರ ಕಾಣುತ್ತದೆ. ಮೈಗೆ ಹಚ್ಚಲು ಏನೂ ತೊಂದರೆಯಿಲ್ಲ. ಆದರೆ ನೋಡಿದವರು ಒಳಗೆ ಕೊಳೆತಿದೆ ಅನ್ನುತ್ತಾರೆ. ನಮ್ಮ ಸ್ಟೋರಿನ ಬಾಗಿಲು ಮೆಣಸಿನ ಚೀಲ ಹೊತ್ತವರು ನುಗ್ಗಲಿ ಅಂತ ಮಾಡಿದ್ದ ದೊಡ್ಡ ಜೋಡಿ ಬಾಗಿಲು. ತೆರೆದರೆ ಘಟ್ಟದ ಗಾಳಿ ನೇರ ಒಳಗೆ. ಉಂಗುರದ ಸೋಪುಗಳ ಸಾಲೇ ಹಲಗೆಯ ಮೇಲಿತ್ತು.

ಹಾಗಾಗಿ ಆ ಸಲ ಒಂದೇ ದೊಡ್ಡ ಅಚ್ಚಿಗೆ ಸೋಪು ಹಾಕಿದೆವು. ಜೇನಿಲ್ಲ, ಹಾಲಿಲ್ಲ, ಬರೀ ಕಾಫಿ. ಅಚ್ಚಿಗೆ ಹಲಗೆ ಮುಚ್ಚಿ, ಗೋಣಿ ಹೊದಿಸಿ, ಕಂಬಳಿ ಸುತ್ತಿ, ಬಾಗಿಲು ಭದ್ರವಾಗಿ ಹಾಕಿ, ಮೂವರೂ ಒಳಗೇ ಕೂತೆವು. ಹೊರಗೆ ಹೋದರೆ ಬಾಗಿಲು ತೆಗೆಯಬೇಕಲ್ಲ. ಭಾಗ್ಯ ಆಗಾಗ ಅಚ್ಚಿನ ಪಕ್ಕಕ್ಕೆ ಅಂಗೈ ಒತ್ತಿ, "ಇನ್ನೂ ಅಂಚಿಗೆ ಬಂದಿಲ್ಲ ಕಣಕ್ಕ" ಅನ್ನುತ್ತಿದ್ದಳು.

ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರ್ ಸದ್ದು. ಜೋಡಿ ಬಾಗಿಲಿನ ಒಂದು ಕದ ಪೂರಾ ತೆರೆಯಿತು. ಲಾರೆನ್ಸ್ ಸಾರ್ ನಿಂತಿದ್ದರು, ಹಿಂದೆ ಮೆಣಸಿನ ಚೀಲ ಹೇರಿದ ಟ್ರೈಲರ್, ಅದರ ಪಕ್ಕ ರೈಟರ್. ಚಳಿಗಾಳಿ ಮುಖಕ್ಕೆ ಹೊಡೆಯಿತು.

"ಜೆಸಿಂತಾ, ಮೆಣಸು ಬಂತು" ಅಂದರು.

ಬಾಯಮ್ಮ ಎದ್ದು ಅಚ್ಚಿಗೆ ಅಡ್ಡ ನಿಂತರು. ನನ್ನ ಗಟ್ಟಿ ಬಾಯಿಯೂ ಕಟ್ಟಿಹೋಗಿತ್ತು. ಆಗ ಭಾಗ್ಯ, ಆ ಎಸ್ಟೇಟಿನಲ್ಲಿ ಹುಟ್ಟಿ ಬೆಳೆದರೂ ಸಾರ್ ಎದುರಿಗೆ ತಲೆ ಎತ್ತಿ ಮಾತಾಡದ ಭಾಗ್ಯ, ಸ್ಟೂಲಿನಿಂದಲೇ ಹೇಳಿದಳು.

"ಬಾಗ್ಲು ಹಾಕಿ ಸಾರ್. ಬಿಸಿ ಹೋಗ್ಬುಡ್ತದೆ."

ಸಾರ್ ತಿರುಗಿ ಅವಳನ್ನು ನೋಡಿದರು. ಅವರು ಒಳಗೆ ಬಂದು, ತಮ್ಮ ಕೈಯಿಂದಲೇ ಕದ ಎಳೆದು ಹಾಕಿದರು. "ಎಂಥ ಬಿಸಿ? ಒಲೆ ಎಲ್ಲಿ ಉಂಟು?" ಅಂತ ಕೇಳಿದರು.

"ಒಲೆ ಇಲ್ಲ ಸಾರ್. ಮುಟ್ಟಿ ನೋಡಿ" ಅಂದಳು ಭಾಗ್ಯ.

ಅವರು ಕಂಬಳಿಯ ಸಂದಿಯಲ್ಲಿ ಕೈ ತೂರಿಸಿ ಅಚ್ಚಿನ ಪಕ್ಕಕ್ಕೆ ಅಂಗೈ ಇಟ್ಟರು. ಕೈ ತೆಗೆಯಲಿಲ್ಲ. "ಪಲ್ಪರ್ ಮಿಷನ್ ಹತ್ರ ಕಾಫಿ ಸಿಪ್ಪೆ ರಾಶಿ ಹಾಕಿದ್ರೆ ಹೀಗೇ ಕಾಯ್ತದೆ" ಅಂದರು, ತಮಗೇ ಹೇಳಿಕೊಳ್ಳುವ ಹಾಗೆ. ಆಮೇಲೆ ಭಾಗ್ಯಳನ್ನು ಕೇಳಿದರು, ಇದು ಎಲ್ಲಿಯವರೆಗೆ ಕಾಯಬೇಕು, ಈಗ ಬಾಗಿಲು ತೆಗೆದರೆ ಏನಾಗುತ್ತದೆ. ಭಾಗ್ಯ ಉಂಗುರ ಬಿದ್ದ ಹಳೇ ತುಂಡನ್ನು ತೋರಿಸಿ ಹೇಳಿದಳು. ಅವರು ಕುಳಿತುಕೊಳ್ಳಲು ಜಾಗ ಹುಡುಕಿ, ಎಣ್ಣೆ ಟಿನ್ನಿನ ಮೇಲೆ ಕೂತರು.

ಹೊರಗಿನಿಂದ ರೈಟರ್ ಕೂಗಿದ, "ಸಾರ್, ಚೀಲ ಇಳಿಸೋದಾ?"

"ಬಂಗ್ಲೆ ಗ್ಯಾರೇಜಿಗೆ ಹಾಕು" ಅಂದರು ಸಾರ್, ಕೂತಲ್ಲಿಂದಲೇ.

"ಅಲ್ಲಿ ಜೀಪ್ ಐತೆ ಸಾರ್."

"ಜೀಪ್ ಹೊರಗೆ ನಿಲ್ಸು. ಬಾಗಿಲು ತೆಗೀಬೇಡ ಮಾರಾಯ, ಇಲ್ಲಿ ಬಿಸಿ ಹೋಗ್ತದೆ."

ಬಾಯಮ್ಮ ಗೋಡೆಯ ಕಡೆಗೆ ತಿರುಗಿ ಕಣ್ಣೊರೆಸಿಕೊಂಡರು. ನಾನಂತೂ ಮುಚ್ಚುಮರೆ ಮಾಡಲಿಲ್ಲ, ಅತ್ತೇಬಿಟ್ಟೆ. ಸಂಜೆಯವರೆಗೂ ಸಾರ್ ಅಲ್ಲೇ ಕೂತು, ಭಾಗ್ಯ ಅಂಚಿಗೆ ಬಂತು ಅಂದ ಮೇಲೆ ತಾವೂ ಒಂದು ಸಲ ಮುಟ್ಟಿ ನೋಡಿ ಹೋದರು.

ಮಾರನೇ ದಿನ ಸೋಪು ಕತ್ತರಿಸುವಾಗ ಮತ್ತೆ ಬಂದರು. ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಒಂದು ತುಂಡನ್ನು ಕಿಟಕಿಗೆ ಹಿಡಿದು ತಿರುಗಿಸಿ ನೋಡಿ, "ಜೆಸಿಂತಾ, ಆ ಬಾಗಿಲಿಗೆ ಸಂದಿ ಉಂಟು, ಬಡಗಿಯನ್ನು ಕಳಿಸ್ತೇನೆ" ಅಂತ ಮಾತ್ರ ಹೇಳಿ ಹೋದರು. ನಮಗೆ ಅಷ್ಟು ಸಾಕಿತ್ತು. ಬಾಗಿಲು ರಿಪೇರಿ ಮಾಡಿಸುವವರು ಸ್ಟೋರ್ ವಾಪಸ್ ಕೇಳುವುದಿಲ್ಲ. ನಾನೂ ಬಾಯಮ್ಮನೂ ಸೋಪುಗಳನ್ನು ಒಣಗಲು ಹಲಗೆಯ ಮೇಲೆ ಸಾಲಾಗಿ ಜೋಡಿಸುತ್ತಾ, ಯಾವ ಊರಿಗೆ ಕಳಿಸುವುದು, ಯಾವ ಹಾಳೆಯಲ್ಲಿ ಸುತ್ತುವುದು ಅಂತ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದೆವು. ಭಾಗ್ಯ ಸ್ಟೂಲಿನ ಮೇಲೆ ಕೂತು ಕತ್ತರಿಸಿ ಉಳಿದ ಚೂರುಗಳನ್ನು ಡಬ್ಬಿಗೆ ತುಂಬಿದಳು.

ಆಮೇಲೆ ನನ್ನ ಹತ್ತಿರ ಬಂದು, "ಅಕ್ಕ, ಇವತ್ತು ಒಸಿ ಬೇಗ ಹೋಗ್ಲಾ?" ಅಂದಳು.

"ಯಾಕೆ, ಅತ್ತೆಗೆ ಹುಷಾರಿಲ್ವಾ?" ಅಂದೆ.

"ಅತ್ತೆ ಚೆನ್ನಾಗವ್ರೆ. ಮೊನ್ನೆನೇ ಪಾತ್ರೆ, ಹಾಸಿಗೆ ಎಲ್ಲಾ ಗಂಟು ಕಟ್ಟಿಟ್ಬುಟ್ಟಿದ್ದೆ ಕಣಕ್ಕ. ಎರಡು ದಿನದಿಂದ ಇಬ್ರೂ ಬರೀ ನೆಲದ ಮೇಲೆ ಮಲಗ್ತಾ ಇದೀವಿ. ಹೋಗಿ ಬಿಚ್ಬೇಕು" ಅಂದಳು.